ರಾತ್ರಿ ಹತ್ತರ ನಂತರ ಬೀದಿಯಲ್ಲಿ ಸಿಕ್ಕ ಮಗು ಯಾರ ಕೈಗೆ? ಫಿಲಡೆಲ್ಫಿಯಾದ ಮಕ್ಕಳ ಕರ್ಫ್ಯೂ ಕುರಿತು

ತುಂಗಾತೀರ (ಪಶ್ಚಿಮ ಫಿಲಡೆಲ್ಫಿಯಾ)

ಬೇಸಿಗೆ ರಜೆ ಹತ್ತಿರವಾದಂತೆ ಫಿಲಡೆಲ್ಫಿಯಾದಲ್ಲಿ ಮಕ್ಕಳ ರಾತ್ರಿ ಕರ್ಫ್ಯೂ ವಿಷಯ ಪ್ರತಿ ವರ್ಷವೂ ಮೇಲೆ ಬರುತ್ತದೆ. ನಮ್ಮ ಕನ್ನಡ ಕುಟುಂಬಗಳ ನಡುವಿನ ಮಾತುಕತೆ ಮಾತ್ರ ಬಹುಪಾಲು ಎರಡು ತುದಿಗಳಲ್ಲೇ ನಿಂತುಬಿಡುತ್ತದೆ. ಹತ್ತು ಗಂಟೆಯ ಮೇಲೆ ಮಕ್ಕಳಿಗೆ ಹೊರಗೇನು ಕೆಲಸ, ಹಿಡಿದು ದಂಡ ಹಾಕಲಿ ಎನ್ನುವವರು ಒಂದು ಕಡೆ; ಇದು ಬಡವರ ಮಕ್ಕಳನ್ನು ಪೊಲೀಸರಿಗೆ ಒಪ್ಪಿಸುವ ಕಾನೂನು, ಇದನ್ನು ಕಿತ್ತುಹಾಕಬೇಕು ಎನ್ನುವವರು ಇನ್ನೊಂದು ಕಡೆ. ಈ ನಗರ ಕೆಲವು ವರ್ಷಗಳಿಂದ ನಡೆಸುತ್ತಿರುವ ಮೂರನೆಯ ಪ್ರಯತ್ನವೊಂದಿದೆ. ಅದರ ಬಗ್ಗೆ ನಾವು ಸಮಾಧಾನವಾಗಿ ಮಾತನಾಡಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಇಲ್ಲಿ ಅಪ್ರಾಪ್ತರಿಗೆ ರಾತ್ರಿ ಕರ್ಫ್ಯೂ 1950ರ ದಶಕದಿಂದಲೂ ಇದೆ. ಈಗಿನ ನಿಯಮದಂತೆ 13 ವರ್ಷದವರೆಗಿನ ಮಕ್ಕಳು ರಾತ್ರಿ 9.30ರ ನಂತರ, 14ರಿಂದ 17 ವರ್ಷದವರು 10ರ ನಂತರ, ಬೆಳಿಗ್ಗೆ 6ರವರೆಗೆ ದೊಡ್ಡವರ ಜೊತೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇರುವಂತಿಲ್ಲ. ಕೆಲಸಕ್ಕೆ ಹೋಗಿಬರುವವರಿಗೂ ತುರ್ತು ಕಾರಣ ಇರುವವರಿಗೂ ವಿನಾಯಿತಿ ಇದೆ. 16 ಮತ್ತು 17 ವರ್ಷದವರಿಗೆ ಹಿಂದೆ ಮಧ್ಯರಾತ್ರಿಯವರೆಗೆ ಅವಕಾಶವಿತ್ತು. 2022ರ ಬೇಸಿಗೆಯಲ್ಲಿ ಅದನ್ನು ತಾತ್ಕಾಲಿಕವಾಗಿ ಹತ್ತಕ್ಕೆ ಇಳಿಸಿ, ವರ್ಷದ ಕೊನೆಯಲ್ಲಿ ಕಾಯಂ ಮಾಡಲಾಯಿತು. ಅದಕ್ಕೆ ಕಾರಣವಾದ ಭಯ ಸಣ್ಣದಲ್ಲ. 2021ರಲ್ಲಿ ನಗರದಲ್ಲಿ 562 ಕೊಲೆಗಳಾಗಿದ್ದವು, ನಗರದ ಇತಿಹಾಸದಲ್ಲೇ ಅದು ಅತಿ ಹೆಚ್ಚು. 2022ರ ಜೂನ್ ಮೊದಲ ವಾರಾಂತ್ಯದಲ್ಲಿ ಜನ ಕಿಕ್ಕಿರಿದಿದ್ದ ಸೌತ್ ಸ್ಟ್ರೀಟ್‌ನಲ್ಲಿ ಗುಂಡು ಹಾರಿ ಮೂವರು ಸತ್ತು, ಹನ್ನೊಂದು ಮಂದಿ ಗಾಯಗೊಂಡಿದ್ದರು.

ಆದರೆ ಗಂಟೆ ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ ಅದಕ್ಕೂ ಮುಂಚೆಯೇ ಆಗಿತ್ತು. ಕೌನ್ಸಿಲ್ ಸದಸ್ಯೆ ಕ್ಯಾಥರೀನ್ ಗಿಲ್ಮೋರ್ ರಿಚರ್ಡ್‌ಸನ್ ಅವರ ಮುತುವರ್ಜಿಯಿಂದ ಮಕ್ಕಳ ಮೇಲೆ ಬೀಳುತ್ತಿದ್ದ ದಂಡವನ್ನು ಕಾನೂನಿನಿಂದ ತೆಗೆಯಲಾಯಿತು. ಈಗ ಪೊಲೀಸರು ಕರ್ಫ್ಯೂ ಮೀರಿದ ಮಗುವನ್ನು ಮೊದಲು ಮನೆಗೆ ಕರೆದೊಯ್ಯಲು ಪ್ರಯತ್ನಿಸಬೇಕು. ಮನೆಯಲ್ಲಿ ಯಾರೂ ಸಿಗದಿದ್ದರೆ ಠಾಣೆಯ ಬದಲು ಕಮ್ಯುನಿಟಿ ಈವ್ನಿಂಗ್ ರಿಸೋರ್ಸ್ ಸೆಂಟರ್ ಎಂಬ ಸಂಜೆ ಕೇಂದ್ರಕ್ಕೆ ಬಿಡಬೇಕು. 2022ರ ಆರಂಭದ ಹೊತ್ತಿಗೆ ಇಂಥ ಎರಡು ಕೇಂದ್ರಗಳು ಶುರುವಾಗಿ, ನಂತರ ಬೇರೆ ಭಾಗಗಳಿಗೂ ವಿಸ್ತರಿಸಿದವು. ಸಂಜೆ 7ರಿಂದ ರಾತ್ರಿ 2ರವರೆಗೆ ತೆರೆದಿರುವ ಇವನ್ನು ನಗರದ ಹಣದಲ್ಲಿ ನಡೆಸುವವರು ಆಯಾ ಬಡಾವಣೆಯ ಸಂಸ್ಥೆಗಳು. ದಕ್ಷಿಣ ಫಿಲಡೆಲ್ಫಿಯಾದ ಡಿಕ್ಸನ್ ಹೌಸ್‌ನಂಥ, ಸುತ್ತಲಿನ ಜನರಿಗೆ ಮೊದಲೇ ಪರಿಚಿತವಾಗಿದ್ದ ಕಟ್ಟಡಗಳಲ್ಲೇ ಅವು ಇವೆ. 10ರಿಂದ 17 ವರ್ಷದ ಯಾವ ಮಗುವೂ ತಾನಾಗಿಯೇ ಅಲ್ಲಿಗೆ ಹೋಗಬಹುದು, ಪೊಲೀಸರೇ ಕರೆತರಬೇಕೆಂದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ಫ್ಯೂ ಒಂಬತ್ತಕ್ಕಿರಲಿ ಹನ್ನೆರಡಕ್ಕಿರಲಿ, ಗೆರೆ ದಾಟಿದ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎನ್ನುವುದರ ಮೇಲೆ ಆ ಕಾನೂನಿನ ಯೋಗ್ಯತೆ ನಿಂತಿದೆ. ನಿಮ್ಮ ಅನುಭವ ಮತ್ತು ತಿಳಿವಳಿಕೆಯನ್ನು ಹಂಚಿಕೊಳ್ಳಿ.

ಬಯಲುಸೀಮೆ

ತುಂಗಾತೀರ ಅವರೇ, ವಿವರಗಳಿಗೆ ಧನ್ಯವಾದ. ನಾನು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವನಾದ್ದರಿಂದ ಮೊದಲು ಪುರಾವೆಗಳತ್ತ ಗಮನ ಸೆಳೆಯಬೇಕೆನ್ನಿಸುತ್ತದೆ. ಕರ್ಫ್ಯೂ ಅಪರಾಧವನ್ನು ತಗ್ಗಿಸುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಬಹಳ ಗಟ್ಟಿಯಾದದ್ದು. ಅದಕ್ಕಿರುವ ಆಧಾರ ಮಾತ್ರ ತೀರಾ ತೆಳುವಾದದ್ದು. 2016ರಲ್ಲಿ ಡೇವಿಡ್ ವಿಲ್ಸನ್ ಮತ್ತು ಸಹೋದ್ಯೋಗಿಗಳು, ಸಾಮಾಜಿಕ ವಿಷಯಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕ್ಯಾಂಪ್‌ಬೆಲ್ ಸಹಯೋಗ ಎಂಬ ಸಂಸ್ಥೆಗಾಗಿ ಅಮೆರಿಕದ ಅಧ್ಯಯನಗಳನ್ನೆಲ್ಲ ಜಾಲಾಡಿ, ಗುಣಮಟ್ಟದ ದೃಷ್ಟಿಯಿಂದ ಉಳಿದ ಹನ್ನೆರಡನ್ನು ಒಟ್ಟಾಗಿ ವಿಶ್ಲೇಷಿಸಿದರು. ಕರ್ಫ್ಯೂ ಇರುವ ಗಂಟೆಗಳಲ್ಲಿ ಮಕ್ಕಳ ಅಪರಾಧ ಕಡಿಮೆಯಾದದ್ದು ಕಾಣಲಿಲ್ಲ. ಸರಾಸರಿ ತೆಗೆದರೆ ತುಸು ಏರಿಕೆಯೇ ಕಂಡಿತು. ಅಪರಾಧಕ್ಕೆ ತುತ್ತಾಗುವ ಮಕ್ಕಳ ಸಂಖ್ಯೆಯ ಮೇಲೂ ಗಮನಾರ್ಹ ಪರಿಣಾಮ ಕಾಣಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಜೆನಿಫರ್ ಡೋಲಿಯಾಕ್ ಮತ್ತು ಜಿಲಿಯನ್ ಕಾರ್ ವಾಷಿಂಗ್ಟನ್ ನಗರದಲ್ಲಿ ನಡೆಸಿದ ಅಧ್ಯಯನ. ಅಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಕರ್ಫ್ಯೂ ಮಧ್ಯರಾತ್ರಿಗೆ ಆರಂಭವಾಗುತ್ತಿತ್ತು. ಸೆಪ್ಟೆಂಬರ್ 1ರಿಂದ ವಾರದ ದಿನಗಳಲ್ಲಿ ಅದು ಹನ್ನೊಂದಕ್ಕೆ ಬರುತ್ತಿತ್ತು. ಗುಂಡಿನ ಸದ್ದನ್ನು ಗುರುತಿಸಲು ಬೀದಿಗಳಲ್ಲಿ ಅಳವಡಿಸಿದ್ದ ಧ್ವನಿ ಸಂವೇದಕಗಳ ದಾಖಲೆ ಹಿಡಿದು ಅವರು ಹನ್ನೊಂದರಿಂದ ಹನ್ನೆರಡರ ನಡುವಿನ ಆ ಒಂದು ಗಂಟೆಯನ್ನು ಮಾತ್ರ ಪರೀಕ್ಷಿಸಿದರು. ಕರ್ಫ್ಯೂ ಹನ್ನೊಂದಕ್ಕೆ ಬಂದ ಮೇಲೆ ಆ ಗಂಟೆಯಲ್ಲಿ ಗುಂಡಿನ ಘಟನೆಗಳು ಹೆಚ್ಚಾಗಿದ್ದವು. ಅವರು ಕೊಡುವ ಕಾರಣ ಯೋಚಿಸುವಂಥದ್ದು. ಕಾನೂನಿಗೆ ತಲೆಬಾಗುವ ಮಕ್ಕಳೂ ಅವರ ಜೊತೆಗಿರುವ ದೊಡ್ಡವರೂ ಮನೆ ಸೇರಿದಾಗ ಬೀದಿಯಲ್ಲಿ ನೋಡುವ ಕಣ್ಣುಗಳು ಕಡಿಮೆಯಾಗುತ್ತವೆ, ಬಂದೂಕು ಹಿಡಿದವನಿಗೆ ಅಂಥ ಖಾಲಿ ಬೀದಿಯೇ ಅನುಕೂಲ.

ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ವ್ಯತಿರಿಕ್ತವಾದ ಅಧ್ಯಯನವೂ ಇದೆ. ಪ್ಯಾಟ್ರಿಕ್ ಕ್ಲೈನ್ ಅವರು 2012ರಲ್ಲಿ ಹಲವು ದೊಡ್ಡ ನಗರಗಳ ಬಂಧನದ ಅಂಕಿಗಳನ್ನು ನೋಡಿ, ಕರ್ಫ್ಯೂ ಜಾರಿಯಾದ ಮೇಲೆ ಆ ವಯಸ್ಸಿನವರ ಬಂಧನಗಳು ಇಳಿದವೆಂದು ಕಂಡುಕೊಂಡಿದ್ದರು. ಆದರೆ ಬಂಧನಗಳ ಸಂಖ್ಯೆ ಒಂದು ಅಳತೆ, ನಡೆದ ಹಿಂಸೆ ಇನ್ನೊಂದು ಅಳತೆ. ಎರಡನ್ನೂ ಒಂದೇ ಎಂದುಕೊಳ್ಳಬಾರದು. ಟೆಕ್ಸಾಸ್ ರಾಜ್ಯದಲ್ಲಿ ಆಸ್ಟಿನ್ ನಗರ 2017ರಲ್ಲೇ ಕರ್ಫ್ಯೂ ಕೈಬಿಟ್ಟಿತು, 2023ರಲ್ಲಿ ರಾಜ್ಯದ ಶಾಸನಸಭೆಯೇ ಸ್ಥಳೀಯ ಆಡಳಿತಗಳು ಮಕ್ಕಳಿಗೆ ಕರ್ಫ್ಯೂ ಹಾಕುವುದನ್ನು ನಿಷೇಧಿಸಿತು. ಹಾಗಿರುವಾಗ ನನ್ನ ಪ್ರಶ್ನೆ ನೇರವಾದದ್ದು: ಸಂಜೆ ಕೇಂದ್ರಗಳು ಒಳ್ಳೆಯವಾದರೆ ಕೇಂದ್ರಗಳನ್ನಷ್ಟೇ ನಡೆಸಲಿ, ಕರ್ಫ್ಯೂ ಯಾಕೆ ಬೇಕು?

ತುಂಗಾತೀರ (ಪಶ್ಚಿಮ ಫಿಲಡೆಲ್ಫಿಯಾ)

ಬಯಲುಸೀಮೆ ಅವರೇ, ಈ ಪುರಾವೆಗಳನ್ನು ಅಲ್ಲಗಳೆಯುವ ಆಸೆ ನನಗಿಲ್ಲ. 2023ರಲ್ಲಿ ಈ ನಗರದ ಕೊಲೆಗಳು 410ಕ್ಕೆ, 2024ರಲ್ಲಿ 269ಕ್ಕೆ ಇಳಿದಾಗ ಅದರ ಶ್ರೇಯಸ್ಸನ್ನು ಕರ್ಫ್ಯೂಗೆ ಕೊಡಲು ಹೊರಟವರನ್ನು ನಾನೂ ನೋಡಿದ್ದೇನೆ. ಅದೇ ಅವಧಿಯಲ್ಲಿ ದೇಶದ ಹೆಚ್ಚಿನ ದೊಡ್ಡ ನಗರಗಳಲ್ಲಿ ಕೊಲೆಗಳು ಕಡಿಮೆಯಾದವು, ಆದ್ದರಿಂದ ಆ ಮಾತಿಗೆ ಆಧಾರವಿಲ್ಲ. ಕರ್ಫ್ಯೂವನ್ನು ಅಪರಾಧ ತಡೆಯುವ ಸಾಧನವೆಂದು ಕರೆಯುವುದನ್ನೇ ನಾವು ಬಿಡಬೇಕು.

ಕರ್ಫ್ಯೂ ಯಾಕೆ ಎಂಬ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಇಷ್ಟೇ. ರಾತ್ರಿ ಹನ್ನೊಂದೂವರೆಗೆ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕೂತ ಹನ್ನೆರಡರ ಹುಡುಗಿಯನ್ನು ಮಾತನಾಡಿಸಲು, ‘ಮನೆಗೆ ಬಿಡಲೇ’ ಎಂದು ಕೇಳಲು ಯಾರಿಗಾದರೂ ಒಂದು ಅಧಿಕಾರವೂ ಹೊಣೆಯೂ ಇರಬೇಕು. ಅಷ್ಟರ ಮಟ್ಟಿಗೆ ಕಾನೂನು ಇರಲಿ. ಅದರ ಆಚೆಗೆ ದಂಡ, ಬೇಡಿ, ಠಾಣೆಯ ಬೆಂಚು ಬೇಕಾಗಿಲ್ಲ.

ಕಾವೇರಿ ಕಣಿವೆ (ಸಂಜೆ ಕೇಂದ್ರವೊಂದರಲ್ಲಿ ಸ್ವಯಂಸೇವಕಿ)

ನಾನು ನಿವೃತ್ತ ಶಾಲಾ ಸಮಾಜ ಕಾರ್ಯಕರ್ತೆ. ಇಂಥ ಒಂದು ಕೇಂದ್ರದಲ್ಲಿ ಆಗಾಗ ಸಂಜೆ ಕೆಲಸ ಮಾಡುತ್ತೇನೆ. ಯಾವ ಕೇಂದ್ರ, ಯಾವ ಮಕ್ಕಳು ಎಂಬ ಗುರುತು ಬಿಟ್ಟುಕೊಡದೆ ಒಳಗೆ ನಡೆಯುವುದನ್ನು ಹೇಳುವುದು ಈ ಚರ್ಚೆಗೆ ಉಪಯೋಗವಾಗಬಹುದು.

ಪೊಲೀಸ್ ಕಾರಿನಿಂದ ಇಳಿದು ಬರುವ ಮಗು ಮೊದಲು ಮಾಡುವ ಕೆಲಸ, ಗೋಡೆಯಲ್ಲಿ ಪ್ಲಗ್ ಎಲ್ಲಿದೆ ಎಂದು ಹುಡುಕುವುದು. ಬಹಳ ಸಲ ಫೋನ್ ಚಾರ್ಜ್ ಮುಗಿದು ಸತ್ತಿರುತ್ತದೆ. ಮನೆಯವರ ನಂಬರು ಫೋನಿನಲ್ಲಿರುತ್ತದೆಯೇ ಹೊರತು ಮಗುವಿನ ನೆನಪಿನಲ್ಲಿರುವುದಿಲ್ಲ. ಆದ್ದರಿಂದ ನಮ್ಮ ಮೇಜಿನ ಮೇಲೆ ಬೇರೆ ಬೇರೆ ಬಗೆಯ ಚಾರ್ಜರುಗಳನ್ನು ಸದಾ ಇಟ್ಟಿರುತ್ತೇವೆ. ಫೋನ್ ಜೀವ ಪಡೆಯುವ ಆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ನಾವು ಪ್ರಶ್ನೆ ಕೇಳುವುದಿಲ್ಲ. ತಟ್ಟೆಯಲ್ಲಿ ಬಿಸಿ ಊಟ ಇಟ್ಟು ಪಕ್ಕದಲ್ಲಿ ಕೂರುತ್ತೇವೆ. ಊಟ ಕೊನೆಯದಾಗಿ ಯಾವಾಗ ಮಾಡಿದೆ ಎಂಬುದೂ ಆ ಮೌನದಲ್ಲೇ ತಿಳಿಯುತ್ತದೆ. ಅನ್ನ ಬಡಿಸಿದ ಕೈಯನ್ನು ಕಂಡಮೇಲೆ ಮಾತು ತಾನಾಗಿ ಬರುತ್ತದೆ.

ಬರುವ ಕಾರಣಗಳನ್ನು ಕೇಳಿದರೆ ‘ಪುಂಡ ಮಕ್ಕಳು’ ಎನ್ನುವ ಮಾತು ನಿಮ್ಮ ಬಾಯಲ್ಲಿ ಬರಲಾರದು. ತಾಯಿ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿದ್ದಾಳೆ, ಮನೆಯ ಬೀಗದ ಕೈ ಕಳೆದಿದೆ, ಅಕ್ಕಪಕ್ಕದವರ ಬಾಗಿಲು ತಟ್ಟಲು ಸಂಕೋಚ. ಮನೆಯಲ್ಲಿ ಹೊಸದಾಗಿ ಬಂದಿರುವ ವ್ಯಕ್ತಿಯೊಬ್ಬನ ಜೊತೆ ಇರಲು ಭಯ, ಆದರೆ ಅದನ್ನು ತಾಯಿಗೆ ಹೇಳಲು ಧೈರ್ಯವಿಲ್ಲ. ಗೆಳೆಯರ ಗುಂಪಿನಲ್ಲಿ ಜಗಳವಾಗಿದೆ, ಮನೆಗೆ ಹೋಗುವ ದಾರಿಯಲ್ಲೇ ಎದುರು ಗುಂಪಿನವರು ನಿಂತಿದ್ದಾರೆ. ಈ ಮೂರನೆಯ ಸಂಗತಿಯಲ್ಲಿ ಮಗುವನ್ನು ಬರಿದೇ ಮನೆಗೆ ಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಎರಡೂ ಕಡೆಯ ಪರಿಚಯವಿರುವ, ಅದೇ ಬಡಾವಣೆಯಲ್ಲಿ ಬೆಳೆದ ಕಾರ್ಯಕರ್ತರೊಬ್ಬರು ಆ ಜಗಳವನ್ನು ಮರುದಿನ ಕೂತು ಬಿಡಿಸಬೇಕಾಗುತ್ತದೆ. ಬಡಾವಣೆಯ ಸಂಸ್ಥೆಗಳ ಕೈಗೆ ಈ ಕೆಲಸ ಕೊಟ್ಟದ್ದು ಸರಿಯಾದ ನಿರ್ಧಾರ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಪೋಷಕರು ಬಂದಾಗ ಅವರ ಮುಖದಲ್ಲಿ ಮೊದಲು ಕಾಣುವುದು ಸಿಟ್ಟು, ಅದರ ಹಿಂದೆಯೇ ನಾಚಿಕೆ. ಅವರನ್ನು ಆ ಹೊತ್ತಿನಲ್ಲಿ ವಿಚಾರಣೆಗೆ ಒಳಪಡಿಸಿದರೆ ಮುಂದೆ ಯಾವತ್ತೂ ನಮ್ಮ ಫೋನ್ ಎತ್ತುವುದಿಲ್ಲ. ಬಾಡಿಗೆ, ವಿದ್ಯುತ್ ಬಿಲ್ಲು, ಮಗುವಿನ ಶಾಲೆಯ ತೊಂದರೆ ಯಾವುದಾದರೂ ಇದ್ದರೆ ಯಾರನ್ನು ಕಾಣಬೇಕು ಎಂದು ಒಂದು ಚೀಟಿ ಕೊಟ್ಟು, ಕೆಲವು ದಿನ ಬಿಟ್ಟು ನಾವೇ ವಿಚಾರಿಸುತ್ತೇವೆ.

ಒಂದು ಮಾತು ನಮ್ಮ ನಾಡಿನ ಬಗ್ಗೆ. ಭಾರತದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಿ ಇಡಬಾರದು, ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. ಬೆಂಗಳೂರಿನಲ್ಲಿ ನಾನು ಕೆಲಸ ಕಲಿತದ್ದು ರೈಲು ನಿಲ್ದಾಣದಲ್ಲಿ ರಾತ್ರಿ ಸಿಗುವ ಮಕ್ಕಳ ನಡುವೆ. ಊರು ಯಾವುದಾದರೂ ಆ ಮೊದಲ ಗಂಟೆಯ ಕೆಲಸ ಒಂದೇ.

ಇಲ್ಲೇ ಬೆಳೆದವನು

ತುಂಗಾತೀರ ಅಕ್ಕ, ಕಾವೇರಿ ಕಣಿವೆ ಆಂಟಿ, ನಿಮ್ಮ ಬರಹಗಳನ್ನು ಗೌರವದಿಂದ ಓದಿದೆ. ನನ್ನ ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಿ. ನಾನು ಈ ನಗರದಲ್ಲೇ ಹುಟ್ಟಿ ಬೆಳೆದವನು, 2011ರ ಬೇಸಿಗೆಯಲ್ಲಿ ಹೈಸ್ಕೂಲಿನಲ್ಲಿದ್ದೆ. ಆಗ ಹುಡುಗರು ಗುಂಪುಗುಂಪಾಗಿ ಬಂದು ದಾರಿಹೋಕರ ಮೇಲೆ ಹಲ್ಲೆ ಮಾಡಿದ ಘಟನೆಗಳಾಗಿದ್ದವು. ಮೇಯರ್ ಮೈಕಲ್ ನಟ್ಟರ್ ಅವರು ಸೆಂಟರ್ ಸಿಟಿ ಮತ್ತು ಯೂನಿವರ್ಸಿಟಿ ಸಿಟಿ ಪ್ರದೇಶಗಳಲ್ಲಿ ಶುಕ್ರವಾರ, ಶನಿವಾರ ರಾತ್ರಿ 9ರಿಂದಲೇ 18 ವರ್ಷದೊಳಗಿನ ಎಲ್ಲರಿಗೂ ಕರ್ಫ್ಯೂ ಹಾಕಿದರು.

ಆ ಕರ್ಫ್ಯೂ ನಗರದ ಎರಡು ಭಾಗಗಳಿಗೆ ಮಾತ್ರ ಇತ್ತು ಎಂಬುದನ್ನು ಗಮನಿಸಿ. ಅಂಗಡಿ, ಹೋಟೆಲು, ವಿಶ್ವವಿದ್ಯಾಲಯಗಳಿರುವ ಜಾಗಗಳು ಅವು. ಉತ್ತರ ಫಿಲಡೆಲ್ಫಿಯಾದ ಕಪ್ಪು ಜನಾಂಗದ ಮಕ್ಕಳಿಗೆ ಅದು ಕೇಳಿಸಿದ ರೀತಿಯೇ ಬೇರೆ: ನಿಮ್ಮ ಬೀದಿಯಲ್ಲಿ ನೀವು ಹೇಗಿದ್ದರೂ ನಮಗೆ ಚಿಂತೆಯಿಲ್ಲ, ನಮ್ಮ ಬೀದಿಗೆ ಬರಬೇಡಿ. ನಾನು ಮತ್ತು ನನ್ನ ಕಪ್ಪು ಗೆಳೆಯ ಸಿನಿಮಾ ಮುಗಿಸಿ ಒಟ್ಟಿಗೆ ನಡೆದು ಬರುವಾಗ ವಯಸ್ಸು ಎಷ್ಟು ಎಂಬ ಪ್ರಶ್ನೆ ಬಂದದ್ದು ಅವನಿಗೆ ಮಾತ್ರ. ನಾನು ಅವನಿಗಿಂತ ಚಿಕ್ಕವನಾಗಿದ್ದೆ. ಯಾರಿಗೆ ಪ್ರಶ್ನೆ, ಯಾರಿಗೆ ಇಲ್ಲ ಎಂಬುದನ್ನು ಬೀದಿಯಲ್ಲಿ ನಿಂತ ಒಬ್ಬ ಅಧಿಕಾರಿ ಆ ಕ್ಷಣದಲ್ಲಿ ತೀರ್ಮಾನಿಸುವವರೆಗೆ, ಕೊನೆಯಲ್ಲಿ ಸಿಗುವ ಊಟ ಎಷ್ಟು ಬಿಸಿಯಾಗಿದ್ದರೂ ಆರಂಭದ ಅವಮಾನ ಉಳಿಯುತ್ತದೆ. ಕೇಂದ್ರಗಳ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ ಮಗುವನ್ನು ಮೊದಲು ಮಾತನಾಡಿಸುವವರು ಸಮವಸ್ತ್ರದವರೇ ಆಗಿರಬೇಕೇ?

ಕಾವೇರಿ ಕಣಿವೆ (ಸಂಜೆ ಕೇಂದ್ರವೊಂದರಲ್ಲಿ ಸ್ವಯಂಸೇವಕಿ)

ನಿನ್ನ ಕನ್ನಡ ಚೆನ್ನಾಗಿದೆ ಮಗೂ, ಪ್ರಶ್ನೆ ಅದಕ್ಕಿಂತಲೂ ಚೆನ್ನಾಗಿದೆ. ತಾವಾಗಿಯೇ ನಡೆದು ಬರುವ ಮಕ್ಕಳಿಗೂ ಪೊಲೀಸರು ಕರೆತರುವ ಮಕ್ಕಳಿಗೂ ಇರುವ ಅಂತರವನ್ನು ನಾನು ಕಣ್ಣಾರೆ ನೋಡುತ್ತೇನೆ. ನಡೆದು ಬಂದವರು ಬ್ಯಾಸ್ಕೆಟ್‌ಬಾಲ್ ಎಲ್ಲಿ ಎಂದು ಕೇಳುತ್ತಾರೆ. ಕಾರಿನಲ್ಲಿ ಬಂದವರು ಬಾಗಿಲ ಹತ್ತಿರದ ಕುರ್ಚಿಯನ್ನೇ ಹಿಡಿಯುತ್ತಾರೆ. ಮೊದಲನೆಯವರ ಸಂಖ್ಯೆ ಹೆಚ್ಚಾದಷ್ಟೂ ಎರಡನೆಯವರ ಅಗತ್ಯ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಈಗಿನ ಪೊಲೀಸ್ ಕಮಿಷನರ್ ಕೆವಿನ್ ಬೆಥೆಲ್ ಅವರ ಹಿಂದಿನ ಕೆಲಸವನ್ನು ಇಲ್ಲಿ ನೆನೆಯಬೇಕು. 2014ರಲ್ಲಿ ಡೆಪ್ಯುಟಿ ಕಮಿಷನರ್ ಆಗಿದ್ದಾಗ ಅವರು ಶಾಲೆಗಳಲ್ಲಿ ಸಣ್ಣ ತಪ್ಪು ಮಾಡಿದ ಮಕ್ಕಳನ್ನು ಬಂಧಿಸುವ ಬದಲು ಅವರ ಮನೆಗೆ ಸಮಾಜ ಕಾರ್ಯಕರ್ತರನ್ನು ಕಳುಹಿಸುವ ಪದ್ಧತಿ ತಂದರು. ಮೊದಲ ವರ್ಷದಲ್ಲೇ ಶಾಲೆಗಳೊಳಗಿನ ಬಂಧನಗಳು ಅರ್ಧಕ್ಕಿಂತ ಕೆಳಗಿಳಿದವು. ನಾನು ಆಗ ಶಾಲೆಯಲ್ಲಿದ್ದೆ. ಚೀಲದಲ್ಲಿ ಕತ್ತರಿ ಸಿಕ್ಕಿತೆಂದು ಬೇಡಿ ಹಾಕಿಸಿಕೊಂಡು ಹೋಗುತ್ತಿದ್ದ ವಯಸ್ಸಿನ ಮಕ್ಕಳು, ಆಮೇಲೆ ಮಧ್ಯಾಹ್ನದ ತರಗತಿಗೆ ಮರಳತೊಡಗಿದರು. ಸಮವಸ್ತ್ರದಲ್ಲಿರುವವರೂ ಬೇರೆ ರೀತಿ ನಡೆದುಕೊಳ್ಳಲು ಸಾಧ್ಯ ಎಂಬುದಕ್ಕೆ ನನಗೆ ಅದು ಸಾಕ್ಷಿ. ಆದರೂ ನಿನ್ನ ಮಾತು ಸರಿ. ಬೀದಿಯಲ್ಲಿ ಮೊದಲು ಎದುರಾಗುವವರು ಬಡಾವಣೆಯವರೇ ಆಗಿದ್ದರೆ ಒಳ್ಳೆಯದು.

ಶರಾವತಿ (ರೇಕ್ಯಾವಿಕ್)

ಐಸ್‌ಲ್ಯಾಂಡಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವವಳಾಗಿ ಈ ಕೊನೆಯ ಮಾತಿಗೆ ಸೇರಿಸುವುದಿದೆ. ಇಲ್ಲಿ ಮಕ್ಕಳು ಹೊರಗಿರುವ ಸಮಯವನ್ನು ದೇಶದ ಮಕ್ಕಳ ರಕ್ಷಣಾ ಕಾನೂನೇ ಗೊತ್ತುಮಾಡಿದೆ. 12 ವರ್ಷದವರೆಗಿನವರು ರಾತ್ರಿ 8ರ ನಂತರ, 13ರಿಂದ 16ರವರು 10ರ ನಂತರ ದೊಡ್ಡವರಿಲ್ಲದೆ ಹೊರಗಿರಬಾರದು. ದೊಡ್ಡ ಮಕ್ಕಳು ಶಾಲೆ, ಕ್ರೀಡೆ ಅಥವಾ ಯುವ ಕೇಂದ್ರದ ಕಾರ್ಯಕ್ರಮದಿಂದ ನೇರವಾಗಿ ಮನೆಗೆ ಬರುತ್ತಿದ್ದರೆ ಅಡ್ಡಿಯಿಲ್ಲ. ಮೇ 1ರಿಂದ ಸೆಪ್ಟೆಂಬರ್ 1ರವರೆಗೆ ಎರಡೆರಡು ಗಂಟೆ ಹೆಚ್ಚು. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಕತ್ತಲಾಗುವುದೇ ಇಲ್ಲ, ಹಾಗಾಗಿ ಆ ವಿನಾಯಿತಿ ಇಲ್ಲದಿದ್ದರೆ ಮಕ್ಕಳನ್ನು ಒಳಗೆ ಕರೆಯುವುದು ಯಾವ ತಾಯಿಗೂ ಆಗದ ಮಾತು. ಈ ವೇಳಾಪಟ್ಟಿಯನ್ನು ಅಚ್ಚುಹಾಕಿದ ಮ್ಯಾಗ್ನೆಟ್ ಇಲ್ಲಿನ ಬಹಳ ಮನೆಗಳ ಫ್ರಿಜ್ ಬಾಗಿಲ ಮೇಲೆ ಅಂಟಿಕೊಂಡಿರುತ್ತದೆ.

ಆದರೆ ನಿಯಮವನ್ನು ಬೀದಿಯಲ್ಲಿ ಜೀವಂತ ಇಟ್ಟಿರುವವರಲ್ಲಿ ತಂದೆ ತಾಯಿಯರ ಪಾಲು ದೊಡ್ಡದು. ವಾರಾಂತ್ಯದ ರಾತ್ರಿ ಬಡಾವಣೆಯ ಪೋಷಕರು ಸರದಿಯ ಮೇಲೆ, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ತೊಟ್ಟು, ಗುಂಪಾಗಿ ಸುತ್ತು ಹಾಕುತ್ತಾರೆ. ನಾನೂ ಹೋಗುತ್ತೇನೆ. ನಮಗೆ ಯಾರನ್ನೂ ಹಿಡಿಯುವ ಅಧಿಕಾರವಿಲ್ಲ, ಬೈಯುವ ಕೆಲಸವೂ ಇಲ್ಲ. ಆಟದ ಮೈದಾನದ ಹಿಂಬದಿ, ಶಾಲೆಯ ಮೂಲೆ, ಅಂಗಡಿಯ ಮುಂದೆ ನಡೆದು, ಕಂಡ ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸುವುದು, ಅಷ್ಟೇ. ಅದರಿಂದಾಗುವ ಇನ್ನೊಂದು ಲಾಭ, ವಲಸೆ ಬಂದ ನನ್ನಂಥವಳಿಗೂ ಬಡಾವಣೆಯ ಇತರ ತಾಯಂದಿರ ಪರಿಚಯವಾದದ್ದು.

ಇದರ ಹಿಂದಿನ ಕಥೆ ತೊಂಬತ್ತರ ದಶಕದ್ದು. ಆಗ ಶುಕ್ರವಾರ ರಾತ್ರಿ ರೇಕ್ಯಾವಿಕ್‌ನ ನಗರಮಧ್ಯದಲ್ಲಿ ಕುಡಿದು ತೂರಾಡುವ ಹದಿಹರೆಯದವರ ನಡುವೆ ನಡೆಯಲು ದೊಡ್ಡವರಿಗೇ ಭಯವಾಗುತ್ತಿತ್ತಂತೆ. 1998ರಲ್ಲಿ 15, 16ರ ವಯಸ್ಸಿನವರಲ್ಲಿ ಶೇ. 42ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿಯಿತು, ದಿನವೂ ಸಿಗರೇಟು ಸೇದುವವರು ಶೇ. 23ರಿಂದ 3ಕ್ಕೆ ಬಂದರು. ಕರ್ಫ್ಯೂ ಇದರಲ್ಲಿ ಒಂದು ಸಣ್ಣ ಎಳೆ ಮಾತ್ರ. ಶಾಲೆಗಳಲ್ಲಿ ನಿಯಮಿತ ಸಮೀಕ್ಷೆ, ತಂಬಾಕು ಮತ್ತು ಮದ್ಯದ ಜಾಹೀರಾತು ನಿಷೇಧ, ಕ್ರೀಡೆ ಸಂಗೀತಗಳಿಗೆ ಸರ್ಕಾರದ ಹಣ, ಪೋಷಕರ ನಡುವಿನ ಲಿಖಿತ ಒಪ್ಪಂದ ಇವೆಲ್ಲ ಒಟ್ಟಿಗೆ ನಡೆದವು. ರೇಕ್ಯಾವಿಕ್ ನಗರ 2007ರಿಂದ ಪ್ರತಿ ಮಗುವಿಗೂ ಹವ್ಯಾಸ ತರಗತಿಗಳ ಶುಲ್ಕಕ್ಕಾಗಿ ವರ್ಷಕ್ಕೆ ಇಂತಿಷ್ಟು ಹಣವನ್ನು ಕಾರ್ಡಿನ ರೂಪದಲ್ಲಿ ಕೊಡುತ್ತದೆ. ನನ್ನ ಮಗಳು ಈಜು ಕಲಿಯುವುದು ಆ ಕಾರ್ಡಿನಿಂದಲೇ. ಹೊರಗೆ ಇರಬೇಡ ಎನ್ನುವ ನಗರ, ಎಲ್ಲಿ ಇರಬಹುದು ಎಂಬುದನ್ನೂ ತನ್ನ ಖರ್ಚಿನಲ್ಲಿ ತೋರಿಸಿತು.

ಬಯಲುಸೀಮೆ

ಶರಾವತಿ ಅವರ ಮಾತು ಬಹಳ ಮುಖ್ಯ, ಆದರೆ ಒಂದು ಎಚ್ಚರಿಕೆ. ಐಸ್‌ಲ್ಯಾಂಡ್ ನಾಲ್ಕು ಲಕ್ಷವೂ ತುಂಬದ ಜನರ ದೇಶ. ಅಲ್ಲಿನ ಹದಿಹರೆಯದ ಮಕ್ಕಳ ಕೈಗೆ ಬಂದೂಕು ಸುಲಭವಾಗಿ ಸಿಗುವುದಿಲ್ಲ. ಹದಿನೈದು ಲಕ್ಷಕ್ಕೂ ಹೆಚ್ಚು ಜನರಿರುವ, ಅದರಲ್ಲಿ ಸುಮಾರು ಐವರಲ್ಲಿ ಒಬ್ಬರು ಬಡತನದಲ್ಲಿರುವ ಫಿಲಡೆಲ್ಫಿಯಾದಲ್ಲಿ ಪೋಷಕರನ್ನು ಶುಕ್ರವಾರ ರಾತ್ರಿ ಸುತ್ತಲು ಕರೆಯುವ ಮೊದಲು, ಅವರಲ್ಲಿ ಎಷ್ಟು ಜನ ಆ ಹೊತ್ತಿಗೆ ಎರಡನೆಯ ಕೆಲಸದಲ್ಲಿರುತ್ತಾರೆ ಎಂದು ಕೇಳಬೇಕಾಗುತ್ತದೆ.

ನನ್ನ ಇನ್ನೊಂದು ತಕರಾರು ಗಡಿಯಾರದ್ದೇ. ಶಾಲೆ ಇರುವ ದಿನಗಳಲ್ಲಿ ಮಕ್ಕಳು ಮಾಡುವ ಹಿಂಸೆ ತುತ್ತತುದಿಗೆ ಹೋಗುವುದು ಶಾಲೆ ಬಿಟ್ಟ ಕೂಡಲೇ, ಮಧ್ಯಾಹ್ನ ಮೂರರಿಂದ ನಾಲ್ಕರ ಆಸುಪಾಸಿನಲ್ಲಿ ಎಂಬುದನ್ನು ಅಮೆರಿಕದ ಕೇಂದ್ರ ಸರ್ಕಾರದ ಬಾಲನ್ಯಾಯ ಇಲಾಖೆಯ ಅಂಕಿಗಳು ವರ್ಷಗಳಿಂದ ಹೇಳುತ್ತ ಬಂದಿವೆ. ರಾತ್ರಿ ಹತ್ತರ ಬಗ್ಗೆ ಇಷ್ಟೊಂದು ಚರ್ಚಿಸುವ ನಗರಗಳು ಮಧ್ಯಾಹ್ನ ಮೂರರ ಬಗ್ಗೆ ಯಾಕೆ ಮಾತನಾಡುವುದಿಲ್ಲ? ಸಂಜೆ ಏಳಕ್ಕೆ ತೆರೆಯುವ ಕೇಂದ್ರ, ಮೂರರಿಂದ ಏಳರವರೆಗೆ ಅಲೆದ ಮಗುವಿಗೆ ತಡವಾಗಿ ಸಿಗುತ್ತದೆ.

ಹೇಮಾವತಿ (ಬಾಲ್ಟಿಮೋರ್)

ಪಕ್ಕದ ಊರಿನಿಂದ ಒಂದು ಸಣ್ಣ ಟಿಪ್ಪಣಿ. ಇಲ್ಲಿ 2014ರಲ್ಲಿ ಕಟ್ಟುನಿಟ್ಟಿನ ಕರ್ಫ್ಯೂ ತರಲು ಮುಂದಾಳತ್ವ ವಹಿಸಿದ್ದವರು ಆಗ ಕೌನ್ಸಿಲ್ ಸದಸ್ಯರಾಗಿದ್ದ ಬ್ರ್ಯಾಂಡನ್ ಸ್ಕಾಟ್. 2023ರ ಏಪ್ರಿಲ್‌ನಲ್ಲಿ ಬಂದರು ಪ್ರದೇಶದಲ್ಲಿ ಇಬ್ಬರು ಹದಿಹರೆಯದವರಿಗೆ ಗುಂಡು ತಗುಲಿದಾಗ ಅವರೇ ಮೇಯರ್ ಆಗಿದ್ದರು. ಆ ಬೇಸಿಗೆಯಲ್ಲಿ ಕರ್ಫ್ಯೂ ಮತ್ತೆ ಜಾರಿಯಾಯಿತು. ವಾರಾಂತ್ಯದ ರಾತ್ರಿ ಸಿಕ್ಕ ಮಕ್ಕಳನ್ನು ನಗರದ ಮನರಂಜನಾ ಕೇಂದ್ರಗಳಲ್ಲಿ ತೆರೆದ ಯುವ ಕೇಂದ್ರಗಳಿಗೆ ಕರೆದೊಯ್ಯುವ ಏರ್ಪಾಡು ಅದರ ಜೊತೆಗಿತ್ತು.

ಅದೇ ಬೇಸಿಗೆಯಲ್ಲಿ, ಜುಲೈ 2ರ ನಸುಕಿನಲ್ಲಿ, ಬ್ರೂಕ್ಲಿನ್ ಹೋಮ್ಸ್ ವಸತಿ ಸಮುಚ್ಚಯದ ಬೀದಿ ಹಬ್ಬದಲ್ಲಿ ಗುಂಡು ಹಾರಿ ಇಬ್ಬರು ಸತ್ತು 28 ಮಂದಿ ಗಾಯಗೊಂಡರು. ಗಾಯಗೊಂಡವರಲ್ಲಿ ಹೆಚ್ಚಿನವರು ಹದಿಹರೆಯದವರು. ಅವರು ಗೊತ್ತುಗುರಿಯಿಲ್ಲದೆ ಅಲೆಯುತ್ತಿರಲಿಲ್ಲ, ಬಡಾವಣೆಯ ಹಬ್ಬದಲ್ಲಿದ್ದರು. ನೂರಾರು ಜನ ಸೇರಿದ್ದ ಆ ಜಾಗದಲ್ಲಿ ನಗರದ ಯಾವ ಇಲಾಖೆಯೂ ಹೊತ್ತಿಗೆ ಸರಿಯಾಗಿ ಹಾಜರಿರಲಿಲ್ಲ. ಬಂದರಿನ ಬಳಿ ಪ್ರವಾಸಿಗರು ಕಾಣುವ ಮಕ್ಕಳ ಬಗ್ಗೆ ನಗರಗಳಿಗೆ ಇರುವ ಕಾಳಜಿ, ಅದೇ ಮಕ್ಕಳ ಸ್ವಂತ ಬೀದಿಯ ಬಗ್ಗೆಯೂ ಇರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ‘ಇಲ್ಲೇ ಬೆಳೆದವನು’ 2011ರ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಇದೇ ನೆನಪಾಯಿತು.

ತುಂಗಾತೀರ (ಪಶ್ಚಿಮ ಫಿಲಡೆಲ್ಫಿಯಾ)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಖಾಸಗಿಯಾಗಿ ಕೆಲವು ಪೋಷಕರು ಕೇಳಿದ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತೇನೆ. ನಿಮ್ಮ ಮಗ ಅಥವಾ ಮಗಳು ಕೆಲಸ ಮುಗಿಸಿ ಹತ್ತರ ಮೇಲೆ ಬರುತ್ತಿದ್ದರೆ ಅದು ವಿನಾಯಿತಿಯೊಳಗೆ ಬರುತ್ತದೆ, ಆದರೂ ಕೆಲಸದ ವೇಳಾಪಟ್ಟಿಯ ಒಂದು ಚಿತ್ರ ಫೋನಿನಲ್ಲಿರಲಿ. ನಿಮ್ಮ ನಂಬರನ್ನು ಮಕ್ಕಳು ಬಾಯಿಪಾಠ ಮಾಡಿಕೊಳ್ಳಲಿ, ಚಾರ್ಜ್ ಮುಗಿದ ಫೋನಿನ ವಿಷಯವನ್ನು ಕಾವೇರಿ ಕಣಿವೆ ಅವರು ಹೇಳಿದ್ದಾರೆ. ಮನೆಗೆ ಬರಲು ಭಯವಾದರೆ ಇಂಥ ಕಡೆ ಹೋಗಬಹುದು ಎಂದು ಕೇಂದ್ರದ ವಿಳಾಸವನ್ನೂ ಹೇಳಿಕೊಡಿ. ನಮ್ಮ ಮನೆಗಳಲ್ಲಿ ಅಂಥ ಭಯಕ್ಕೆ ಜಾಗವಿಲ್ಲ ಎಂದುಕೊಂಡು ಸುಮ್ಮನಿರುವುದು ಸರಿಯಲ್ಲ. ಅಂಕ ಕಡಿಮೆ ಬಂದ ದಿನ ಮನೆಗೆ ಹೋಗಲು ಹೆದರಿ ಬೀದಿ ಸುತ್ತಿದ ನಮ್ಮವರ ಮಕ್ಕಳು ನನಗೇ ಗೊತ್ತಿದ್ದಾರೆ.

ಬಯಲುಸೀಮೆ ಅವರ ಮಧ್ಯಾಹ್ನ ಮೂರರ ಪ್ರಶ್ನೆ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ನಗರದ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ. ವಸಂತದಲ್ಲಿ ಮೇಯರ್ ಬಜೆಟ್ ಮಂಡಿಸಿದ ಮೇಲೆ ಕೌನ್ಸಿಲ್ ನಡೆಸುವ ವಿಚಾರಣೆಗಳಲ್ಲಿ ಸಾರ್ವಜನಿಕರೂ ಹೆಸರು ನೋಂದಾಯಿಸಿ ಮಾತನಾಡಬಹುದು. ಈ ಕೇಂದ್ರಗಳನ್ನು ಶಾಲೆ ಬಿಡುವ ಹೊತ್ತಿಗೇ ತೆರೆಯಲು ಹಣ ಬೇಕು ಎಂದು ಅಲ್ಲಿ ಕೇಳೋಣ. ಕರ್ಫ್ಯೂ ಕಾರಣಕ್ಕೆ ತಡೆದ ಮಕ್ಕಳ ವಯಸ್ಸು, ಜನಾಂಗ, ಬಡಾವಣೆಯ ಲೆಕ್ಕವನ್ನು, ಹೆಸರುಗಳಿಲ್ಲದೆ, ಕಾಲಕಾಲಕ್ಕೆ ಪ್ರಕಟಿಸಬೇಕು ಎಂದೂ ಕೇಳೋಣ. ‘ಇಲ್ಲೇ ಬೆಳೆದವನು’ ಎತ್ತಿದ ಪ್ರಶ್ನೆಗೆ ಆ ಲೆಕ್ಕವಿಲ್ಲದೆ ಉತ್ತರ ಸಿಗುವುದಿಲ್ಲ. ರಾತ್ರಿ ಸುತ್ತು ಹಾಕುವ ಪೋಷಕರ ಗುಂಪಿಗೆ ನಮ್ಮ ಬಡಾವಣೆಯಲ್ಲಿ ನಾಲ್ಕೈದು ಮನೆಯವರು ಒಪ್ಪಿದ್ದಾರೆ. ಅದರಲ್ಲಿ ಕನ್ನಡದವರು ನಾನೊಬ್ಬಳೇ. ಶರಾವತಿ ಅವರೇ, ನೀವು ಸರದಿಯನ್ನು ಹೇಗೆ ಹಂಚಿಕೊಳ್ಳುತ್ತೀರಿ, ಮಳೆ ಹಿಮ ಇದ್ದಾಗ ಏನು ಮಾಡುತ್ತೀರಿ, ಜಗಳ ಕಂಡರೆ ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಹೊಸಬರಿಗೆ ಏನು ಹೇಳಿಕೊಡುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ. ಬಜೆಟ್ ವಿಚಾರಣೆಗೆ ಬರುವವರು ತಮ್ಮ ಬಡಾವಣೆ ಯಾವುದೆಂದು ಇಲ್ಲಿ ತಿಳಿಸಿದರೆ, ಆಯಾ ಕ್ಷೇತ್ರದ ಕೌನ್ಸಿಲ್ ಸದಸ್ಯರಿಗೆ ಬರೆಯುವ ಪತ್ರವನ್ನು ನಾನು ಸಿದ್ಧಪಡಿಸಿ ಕಳುಹಿಸುತ್ತೇನೆ.